ನಿಮ್ ರೂಮಿಗೆ 43 ಇಂಚು ಬೇಡ ಕಣ್ರೋ, ಮೊದ್ಲು ಟೇಪ್ ಹಿಡೀರಿ

1/7

ಎರಡು ವಾರದಿಂದ ಡಿಎಂನಲ್ಲಿ ಒಂದೇ ಪ್ರಶ್ನೆ. "ಗುರು, ಸೆಕೆಂಡ್ ಹ್ಯಾಂಡ್ ಪಿಎಸ್4 ಸಿಕ್ಕಿದೆ. ರೂಮಿಗೊಂದು ಟಿವಿ ಬೇಕು. 43 ಇಂಚು 4ಕೆ ತಗೊಂಡ್‌ಬಿಡ್ಲಾ?" ಕೇಳಿದವರಲ್ಲಿ ಇಬ್ಬರು ನಮ್ಮ ಕ್ಲಾಸಿನವರೇ. ಒಬ್ಬ ಸಾಲಿಗ್ರಾಮದ ಕಡೆಯವನು, ಇನ್ನೊಬ್ಬ ಹುಣಸೂರಲ್ಲಿ ರೂಮ್ ಮಾಡ್ಕೊಂಡಿದಾನೆ. ಎಲ್ಲರಿಗೂ ಬೇರೆ ಬೇರೆ ಟೈಪ್ ಮಾಡೋಕಾಗಲ್ಲ, ಅದಕ್ಕೆ ಇಲ್ಲೇ ಬರೀತಿದೀನಿ. ಏಳು ಪೋಸ್ಟ್ ಆಗುತ್ತೆ. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಜಗಳ ಆಡೋರು ಆಡಿ. ನಮ್ಮ ಊರಿನ ಮನೆಗಳಲ್ಲಿ ನಮಗೆ ಸಿಗೋದು ಒಂಬತ್ತಡಿ, ಹತ್ತಡಿ ರೂಮು. ಆ ರೂಮಿಗೆ, ಪಿಎಸ್4 ಆಡೋದಕ್ಕೆ, 32 ಇಂಚಿನ ಫುಲ್ ಎಚ್‌ಡಿ ಟಿವಿ ಸಾಕು. ಒಬ್ಬನೇ ಆಡೋದಾದ್ರೆ ಟಿವಿನೂ ಬೇಡ, ಮಾನಿಟರ್ ಸಾಕು. 43 ಇಂಚು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ನೀವು ಕೇಳ್ತಿರೋ ಪ್ರಶ್ನೆನೇ ತಪ್ಪು. "ಎಷ್ಟು ಇಂಚು" ಅನ್ನೋಕ್ಕಿಂತ ಮುಂಚೆ "ಎಷ್ಟು ಅಡಿ" ಅಂತ ಕೇಳ್ಬೇಕು. ಇದು ನನಗೆ ಗೊತ್ತಾಗಿದ್ದು ಅಮ್ಮನ ದುಡ್ಡು ಹೋದ್ಮೇಲೆ.

2/7

ಎರಡು ವರ್ಷದ ಹಿಂದಿನ ಮಾತು. ಬೆಳಗ್ಗೆ ಟ್ರೇನಲ್ಲಿ ನಾನು, ಅಮ್ಮ ಮೈಸೂರಿಗೆ ಹೋದ್ವಿ. ಅಂಗಡಿ ಹೆಸರು ಬೇಡ. ಒಳಗೆ ಹೋದ್ರೆ ಗೋಡೆ ತುಂಬಾ ಟಿವಿ, ಎಲ್ಲದರಲ್ಲೂ ಅದೇ ವಿಡಿಯೋ: ಮೀನು, ಹೂವು, ಬಣ್ಣದ ಗಿಳಿ. ಅಲ್ಲಿದ್ದ ಅಣ್ಣ ನನ್ನ ಮುಖ ನೋಡಿ "ಗೇಮಿಂಗಾ ಸರ್?" ಅಂದ. ಜೀವನದಲ್ಲಿ ಮೊದಲನೇ ಸಲ ಯಾರೋ ನನ್ನ ಸರ್ ಅಂದಿದ್ದು, ಅಲ್ಲೇ ಅರ್ಧ ಬಿದ್ದೋದೆ. 43 ಇಂಚಿನದೊಂದು ತೋರಿಸ್ದ. ಮೂಲೆಯಲ್ಲಿ ಬಂಗಾರದ ಬಣ್ಣದ ಸ್ಟಿಕ್ಕರ್: "4ಕೆ ಸಪೋರ್ಟ್". ಬೆಲೆ 19,000. "ಅಕ್ಕಾ, ಈ ರೇಟಿಗೆ 4ಕೆ ಎಲ್ಲೂ ಬರಲ್ಲ" ಅಂತ ಅಮ್ಮಂಗೆ ಹೇಳ್ದ. ಆ ಮಾತು ನಿಜಾನೇ. ಅಲ್ಲೂ ಬಂದಿರಲಿಲ್ಲ.

ಅಮ್ಮ ಮನೇಲಿ ಬ್ಲೌಸ್ ಹೊಲೀತಾಳೆ. ಸಂಘದಲ್ಲಿ 20,000 ಸಾಲ ತೆಗೆದಿದ್ಲು, ವಾರಕ್ಕೆ 450 ರೂಪಾಯಿ ಕಂತು, ಐವತ್ತು ವಾರ. ಲೆಕ್ಕ ಹಾಕಿ, 22,500 ಆಗುತ್ತೆ. ಸೋಮವಾರ ಬಂತು ಅಂದ್ರೆ ಎರಡು ಬ್ಲೌಸಿನ ಕೂಲಿ, ಮೇಲಷ್ಟು, ನನ್ನ ಟಿವಿಗೆ ಹೋಗ್ತಿತ್ತು. ನಾನು ಆ ಕಡೆ ರೂಮಲ್ಲಿ ಕಂಟ್ರೋಲರ್ ಹಿಡ್ಕೊಂಡು ಕೂತಿದ್ರೆ ಈ ಕಡೆಯಿಂದ ಮಿಷಿನ್ ಸದ್ದು ಕೇಳ್ತಿತ್ತು.

ಮನೆಗೆ ತಂದು ಹಾಕಿದ ದಿನಾನೇ ಏನೋ ಸರಿಯಿಲ್ಲ ಅನ್ನಿಸ್ತು. ಗೇಮಲ್ಲಿ ಬರೋ ಸಣ್ಣ ಅಕ್ಷರ ಎಲ್ಲ ಹತ್ತಿಯಲ್ಲಿ ಅದ್ದಿದಂಗೆ. ಆಟಗಾರನ ಅಂಚು ಮೆಟ್ಟಿಲು ಮೆಟ್ಟಿಲು. ಸೆಟ್ಟಿಂಗ್ಸ್ ಎಲ್ಲ ತಿರುಗಿಸಿದೆ, ಕೇಬಲ್ ಬದಲಾಯಿಸಿದೆ, ಕೊನೆಗೆ ಡಬ್ಬದ ಹಿಂದೆ ಇರುವೆ ಸಾಲಿನಂಗಿದ್ದ ಅಕ್ಷರದಲ್ಲಿ ಓದಿದೆ: 1920×1080. ಅಂದ್ರೆ ಪ್ಯಾನೆಲ್ ಬರೀ ಫುಲ್ ಎಚ್‌ಡಿ. "4ಕೆ ಸಪೋರ್ಟ್" ಅಂದ್ರೆ 4ಕೆ ವಿಡಿಯೋ ಕೊಟ್ರೆ ಬೇಡ ಅನ್ನಲ್ಲ, ತಗೊಂಡು, ಚಿಕ್ಕದು ಮಾಡಿ ತೋರಿಸುತ್ತೆ ಅಂತ ಅರ್ಥ. ಸುಳ್ಳು ಅಂತ ಹಿಡಿಯಕ್ಕೂ ಆಗಲ್ಲ. ಬಾಟಲಿ ಮೇಲೆ "ಹಾಲು ತುಂಬಬಹುದು" ಅಂತ ಬರೆದು ನೀರು ಮಾರಿದಂಗೆ.

ವಾಪಸ್ ತಗೊಳ್ಳಲಿಲ್ಲ. "ಡಬ್ಬದ ಮೇಲೆ ಬರೆದೇ ಇದೆಯಲ್ಲ ಸರ್" ಅಂದ್ರು. ಆಗಲೂ ಸರ್ ಅಂದ್ರು.

3/7

ಇಲ್ಲೊಂದು ತಮಾಷೆ ಕೇಳಿ. ಅದೇ ಟಿವಿ ಈಗ ನಮ್ಮ ಹಾಲಲ್ಲಿದೆ. ಅಜ್ಜಿ ಗೋಡೆಗೆ ಒರಗಿಕೊಂಡು ಧಾರಾವಾಹಿ ನೋಡ್ತಾಳೆ, ಸುಮಾರು ಒಂಬತ್ತಡಿ ದೂರ. ಅಲ್ಲಿ ಕೂತು ನಾನೂ ನೋಡಿದೀನಿ, ಚಿತ್ರ ಸಖತ್ ಕ್ಲಿಯರ್! ಅದೇ ಪ್ಯಾನೆಲ್, ಅದೇ ಪಿಎಸ್4, ಆದ್ರೂ ಮಸುಕಿಲ್ಲ. ಟಿವಿ ಬದಲಾಗಿರಲಿಲ್ಲ, ದೂರ ಬದಲಾಗಿತ್ತು ಅಷ್ಟೆ.

ಇದರ ಲೆಕ್ಕ ಸಿಂಪಲ್. 32 ಇಂಚು ಅಂದ್ರೆ ಮೂಲೆಯಿಂದ ಮೂಲೆಗೆ, ಅಡ್ಡ ಅಗಲ ಸುಮಾರು 71 ಸೆಂ.ಮೀ. 43 ಇಂಚಿನದು 95 ಸೆಂ.ಮೀ. ಈ ಅಗಲವನ್ನ ಪಿಕ್ಸೆಲ್ ಸಂಖ್ಯೆಯಿಂದ ಭಾಗಿಸಿದ್ರೆ ಒಂದು ಚುಕ್ಕೆ ಎಷ್ಟು ದಪ್ಪ ಅಂತ ಸಿಗುತ್ತೆ. 32 ಇಂಚು ಎಚ್‌ಡಿ ರೆಡಿ, ಅಂದ್ರೆ 1366×768, ಒಂದು ಚುಕ್ಕೆ 0.52 ಮಿ.ಮೀ. 32 ಇಂಚು ಫುಲ್ ಎಚ್‌ಡಿ 0.37. 43 ಇಂಚು ಫುಲ್ ಎಚ್‌ಡಿ ಸುಮಾರು 0.5. 43 ಇಂಚು ನಿಜವಾದ 4ಕೆ, 3840×2160, ಬರೀ 0.25.

ಮೊದಲನೇದು, ಮೂರನೇದು ಇನ್ನೊಂದ್ಸಲ ನೋಡಿ. 43 ಇಂಚಿನ ಫುಲ್ ಎಚ್‌ಡಿ ಟಿವಿಯ ಚುಕ್ಕೆ, ಅಗ್ಗದ 32 ಇಂಚಿನ ಎಚ್‌ಡಿ ರೆಡಿ ಟಿವಿಯ ಚುಕ್ಕೆಯಷ್ಟೇ ದಪ್ಪ! ದೊಡ್ಡದು ಕೊಂಡೆ ಅಂತ ನಾನು ಮೀಸೆ ತಿರುವಿದ್ದೇ ಬಂತು, ಹತ್ತಿರದಿಂದ ನೋಡಿದ್ರೆ ಎರಡೂ ಒಂದೇ ಜಾತಿ.

ಈಗ ಕಣ್ಣಿನ ಕಡೆ ಬನ್ನಿ. 6/6 ದೃಷ್ಟಿ ಇರೋ ಕಣ್ಣಿಗೆ ಐದಡಿ ದೂರದಿಂದ ಸುಮಾರು 0.44 ಮಿ.ಮೀ.ಗಿಂತ ದಪ್ಪ ಚುಕ್ಕೆ ಬಿಡಿಬಿಡಿಯಾಗಿ ಗೊತ್ತಾಗೋಕೆ ಶುರುವಾಗುತ್ತೆ, ಅದಕ್ಕಿಂತ ಸಣ್ಣದು ಸೇರಿ ನುಣುಪಾಗಿ ಕಾಣುತ್ತೆ. ಒಂಬತ್ತಡಿಗೆ ಹೋದ್ರೆ 0.8 ಮಿ.ಮೀ.ವರೆಗೂ ನಡೆಯುತ್ತೆ. ಅದಕ್ಕೇ ಅಜ್ಜಿಗೆ ಕ್ಲಿಯರ್, ನನಗೆ ಮಸುಕು. ಅಜ್ಜಿಗೆ ಒಂದು ಕಣ್ಣು ಆಪರೇಷನ್ ಬೇರೆ ಆಗಿದೆ, ಆ ಲೆಕ್ಕ ಬಿಡಿ.

ಅಮ್ಮನ ಹೊಲಿಗೆ ಟೇಪ್ 60 ಇಂಚು, ಅಂದ್ರೆ ಸರಿಯಾಗಿ ಐದಡಿ. ನನ್ನ ರೂಮಲ್ಲಿ ಒಂದು ಕಡೆ ಬೀರು, ಒಂದು ಕಡೆ ಕಿಟಕಿ, ಒಂದು ಕಡೆ ಬಾಗಿಲು. ಟಿವಿಗೆ ಉಳಿಯೋದು ಮಂಚದ ಎದುರಿನ ಒಂದೇ ಗೋಡೆ, ಅದೂ ಅಡ್ಡಡ್ಡ. ದಿಂಬಿಂದ ಗೋಡೆಗೆ ಟೇಪ್ ಹಿಡಿದ್ರೆ ಟೇಪಿನ ತುದಿ ಗೋಡೆಗೆ ತಾಗ್ತು. ಆಟ ಬಿಸಿ ಆದಾಗ ಮಂಚದ ಅಂಚಿಗೆ ಬಂದು ಕೂರ್ತೀವಲ್ಲ, ಆಗ ಮೂರೂವರೆ ಅಡಿ. ನಿಮ್ಮದೂ ಹಿಂಗೇ ಇರುತ್ತೆ, ಬೆಟ್ ಕಟ್ತೀನಿ.

4/7

"ಹಂಗಾದ್ರೆ ನಿಜವಾದ 4ಕೆ 43 ತಗೊಂಡ್ರೆ ಆಯ್ತಲ್ಲ?" ಅಂತ ಕೇಳ್ತೀರ. ಆಯ್ತು, ಆದ್ರೆ ಅದಕ್ಕೆ ಏನು ಚುಚ್ಚುತೀರ? ಪಿಎಸ್4 ಕೊಡೋದೇ 1080 ತನಕ (ಪ್ರೋ ಮಾಡೆಲ್ ಬೇರೆ). ನಾಲ್ಕು ಪಟ್ಟು ಪಿಕ್ಸೆಲ್‌ಗೆ ದುಡ್ಡು ಕೊಟ್ಟು, ಒಂದೇ ಪಿಕ್ಸೆಲನ್ನ ನಾಲ್ಕು ಕಡೆ ಅಂಟಿಸಿಕೊಂಡು ನೋಡ್ತೀರ. ಪಿಎಸ್5 ಇದ್ರೆ ಮಾತು ಬೇರೆ, ಅದನ್ನ ಕೊಂಡೋರು ನನ್ನ ಕ್ಯಾಪ್ಶನ್ ಓದ್ಕೊಂಡು ಕೂರಲ್ಲ.

ಇನ್ನೊಂದು, ಮೂರೂವರೆ ನಾಲ್ಕಡಿಯಲ್ಲಿ 43 ಇಂಚು ಸಿನಿಮಾಕ್ಕೆ ಚೆಂದ, ಆಟಕ್ಕೆ ಅಲ್ಲ. ಫುಟ್ಬಾಲ್ ಗೇಮಲ್ಲಿ ಕೆಳಗಿನ ರೇಡಾರ್ ನೋಡೋಕೆ, ಮೇಲಿನ ಸ್ಕೋರ್ ನೋಡೋಕೆ ಕತ್ತು ತಿರುಗಿಸ್ತಾ ಇರ್ಬೇಕು. ಥಿಯೇಟರ್‌ನಲ್ಲಿ ಮೊದಲನೇ ಸಾಲಲ್ಲಿ ಕೂತಂಗೆ.

ಆಟಕ್ಕೆ ನಿಜವಾಗಿ ಬೇಕಾದ್ದು ಯಾವ ಸ್ಟಿಕ್ಕರ್‌ನಲ್ಲೂ ಇರಲ್ಲ. ಅದು ಇನ್‌ಪುಟ್ ಲ್ಯಾಗ್. ನೀವು ಬಟನ್ ಒತ್ತಿದ ಮೇಲೆ ಪರದೆ ಮೇಲೆ ಕಾಣೋಕೆ ಆಗೋ ತಡ. ಟಿವಿ ಒಳಗೆ ಬಣ್ಣ ಹೆಚ್ಚಿಸೋದು, ಚಿತ್ರ ನುಣುಪು ಮಾಡೋದು, ಮಧ್ಯೆ ಮಧ್ಯೆ ಸುಳ್ಳು ಫ್ರೇಮ್ ಸೇರಿಸೋದು, ಇದೆಲ್ಲ ಮಾಡೋಕೆ ಟೈಮ್ ಬೇಕು. ಇವೆಲ್ಲ ಆನ್ ಇದ್ರೆ 100 ಮಿಲಿಸೆಕೆಂಡ್ ತಡ ಆಗೋ ಟಿವಿಗಳಿವೆ. 60 ಹರ್ಟ್ಸ್ ಟಿವಿಯಲ್ಲಿ ಅದು ಆರು ಫ್ರೇಮ್. ಕಡಿಮೆ ಅನ್ಸುತ್ತಾ? ನಿಜವಾದ ಪಿಚ್‌ನಲ್ಲಿ 140 ಕಿ.ಮೀ. ಸ್ಪೀಡಲ್ಲಿ ಬಂದ ಬಾಲು ಬ್ಯಾಟಿಗೆ ತಲುಪೋಕೆ ಅರ್ಧ ಸೆಕೆಂಡೂ ಆಗಲ್ಲ. ಅದರಲ್ಲಿ ಐದನೇ ಒಂದು ಭಾಗ ನಿಮ್ಮ ಟಿವಿನೇ ತಿಂದ್ಹಾಕಿದ್ರೆ ಕ್ರಿಕೆಟ್ ಗೇಮಲ್ಲಿ ಟೈಮಿಂಗ್ ಹೆಂಗೆ ಸಿಗ್ಬೇಕು? ನಾನು ಎಷ್ಟೋ ದಿನ ನನ್ನ ಬೆರಳಿಗೇ ಬೈಕೊಂಡಿದೀನಿ.

ಅದಕ್ಕೆ ಪಿಕ್ಚರ್ ಸೆಟ್ಟಿಂಗ್‌ನಲ್ಲಿ "ಗೇಮ್ ಮೋಡ್" ಇದೆಯಾ ಅಂತ ಅಂಗಡಿಯಲ್ಲೇ ರಿಮೋಟ್ ಇಸ್ಕೊಂಡು ನೋಡಿ. ಇಲ್ಲ ಅಂದ್ರೆ ಆ ಟಿವಿ ಬೇಡ, ಎಷ್ಟೇ ಇಂಚಿರಲಿ. ಇದ್ರೆ, ಕನ್ಸೋಲ್ ಚುಚ್ಚೋ ಎಚ್‌ಡಿಎಂಐ ಪೋರ್ಟಲ್ಲೇ ಅದನ್ನ ಆನ್ ಮಾಡಿ. ಕೆಲವು ಟಿವಿಯಲ್ಲಿ ಪೋರ್ಟ್ ಪೋರ್ಟಿಗೂ ಬೇರೆ ಬೇರೆ ಸೆಟ್ಟಿಂಗ್ ಇರುತ್ತೆ.

ಎಚ್‌ಡಿಆರ್ ಬಗ್ಗೆ ತಲೆ ಕೆಡಿಸ್ಕೋಬೇಡಿ. ಈ ರೇಟಿನ ಟಿವಿಗಳಿಗೆ ಅದಕ್ಕೆ ಬೇಕಾದಷ್ಟು ಬೆಳಕೇ ಇರಲ್ಲ. ಇಲ್ಲೂ ಅದೇ "ಸಪೋರ್ಟ್" ಪದದ ಆಟ.

ಎಚ್‌ಡಿ ರೆಡಿ ಯಾಕೆ ಬೇಡ ಅಂದ್ರೆ, ಪಿಎಸ್4 ಕಳಿಸೋದು 720 ಇಲ್ಲಾ 1080. ಪ್ಯಾನೆಲ್ ಇರೋದು 768. ಎರಡಕ್ಕೂ ಹೊಂದಲ್ಲ, ಏನೇ ಕೊಟ್ರೂ ಹಿಗ್ಗಿಸಿಯೋ ಕುಗ್ಗಿಸಿಯೋ ತೋರಿಸ್ಬೇಕು. ಅಕ್ಷರ ಹಾಳಾಗೋದು ಅಲ್ಲೇ. ಕಷ್ಟ ಏನಂದ್ರೆ ಮಾರ್ಕೆಟ್ಟಲ್ಲಿ 32 ಇಂಚಿನ ಟಿವಿ ಬಹುಪಾಲು ಎಚ್‌ಡಿ ರೆಡಿನೇ. ಫುಲ್ ಎಚ್‌ಡಿ ಕೇಳಿದ್ರೆ "32ರಲ್ಲಿ ಬರೋದೇ ಇಲ್ಲ" ಅಂತಾರೆ. ಬರುತ್ತೆ. ಹುಡುಕಬೇಕು, ಒಂದೆರಡು ಸಾವಿರ ಜಾಸ್ತಿ ಆಗುತ್ತೆ. ಆ ಎರಡು ಸಾವಿರ ಕೊಡಿ, ಬೇರೆ ಎಲ್ಲಾದ್ರೂ ಉಳಿಸಿ.

5/7

ಈ ಪೋಸ್ಟ್ ಫೋನಲ್ಲಿ ಆಡೋರಿಗೆ. ನಮ್ಮ ಕ್ಲಾಸಲ್ಲಿ ಮುಕ್ಕಾಲು ಜನ ನೀವೇ.

"ಬಿಜಿಎಂಐನ ಟಿವಿ ಮೇಲೆ ಆಡ್ತೀನಿ" ಅಂತ ಟಿವಿ ಕೊಳ್ಳಬೇಡಿ. ದಯವಿಟ್ಟು. ವೈಫೈ ಮೇಲೆ ಸ್ಕ್ರೀನ್ ಹಾಕಿದ್ರೆ ಫೋನಲ್ಲಿ ನೀವು ಸತ್ತು ಆದ್ಮೇಲೆ ಟಿವಿಯಲ್ಲಿ ಇನ್ನೂ ಓಡ್ತಿರ್ತೀರ. "ಟೈಪ್ ಸಿ ಟು ಎಚ್‌ಡಿಎಂಐ" ಕೇಬಲ್ ತಂದ್ರೆ ಸರಿಹೋಗುತ್ತೆ ಅಂತ ಒಬ್ಬ ತಂದ, ಚುಚ್ಚಿದ್ರೆ ಏನೂ ಬರಲಿಲ್ಲ. ಕೇಬಲ್ ತಪ್ಪಲ್ಲ. ಫೋನಿನ ಟೈಪ್ ಸಿ ಪೋರ್ಟ್‌ನಿಂದ ಡಿಸ್‌ಪ್ಲೇಪೋರ್ಟ್ ಸಿಗ್ನಲ್ ಹೊರಗೆ ಬರಬೇಕು. ನಮ್ಮ ಹದಿನೈದು ಸಾವಿರದ ಫೋನ್‌ಗಳಲ್ಲಿ ಸಾಮಾನ್ಯವಾಗಿ ಅದು ಇರಲ್ಲ. ಕೊಳ್ಳೋ ಮುಂಚೆ ಮಾಡೆಲ್ ಹೆಸರು ಹಾಕಿ ನೋಡ್ಕೊಳ್ಳಿ.

ಒಬ್ಬನೇ ಆಡೋರಿಗೆ, ಅದರಲ್ಲೂ ಮೇಜು ಕುರ್ಚಿ ಇರೋರಿಗೆ, 24 ಇಂಚಿನ ಫುಲ್ ಎಚ್‌ಡಿ ಮಾನಿಟರ್ ಬಗ್ಗೆ ಯೋಚಿಸಿ ಅಂತ ನನ್ನ ಸಲಹೆ. ಎಂಟು ಸಾವಿರದ ಆಜುಬಾಜಲ್ಲಿ ಸಿಗುತ್ತೆ, ಈಗ 100 ಹರ್ಟ್ಸ್ ಮಾಮೂಲಿ ಆಗಿದೆ. ಲ್ಯಾಗ್ ಕಡಿಮೆ, ಚುಕ್ಕೆ 0.28 ಮಿ.ಮೀ., ನಾಳೆ ಲ್ಯಾಪ್‌ಟಾಪ್‌ಗೂ ಹಾಕ್ಕೊಂಡು ಪ್ರಾಜೆಕ್ಟ್ ರಿಪೋರ್ಟ್ ಮಾಡಬಹುದು. ಮನೇಲಿ ಕೇಳೋಕೂ ಸುಲಭ, "ಓದೋಕೆ" ಅನ್ಬಹುದು. ತೊಂದರೆನೂ ಹೇಳ್ತೀನಿ: ತುಂಬಾ ಮಾನಿಟರ್‌ಗಳಲ್ಲಿ ಸ್ಪೀಕರ್ ಇರಲ್ಲ. ಪಿಎಸ್4 ಕಂಟ್ರೋಲರ್ ಕೆಳಗೆ ಇಯರ್‌ಫೋನ್ ಹಾಕೋ ತೂತಿದೆ, ಅದು ಸಾಕು. ರಿಮೋಟ್ ಇಲ್ಲ, ಯೂಟ್ಯೂಬ್ ಇಲ್ಲ. ಪಿಎಸ್4 ಇದ್ರೆ ಅದರಲ್ಲೇ ಯೂಟ್ಯೂಬ್ ಇದೆ.

ನಾನು ಯಾಕೆ ಮಾನಿಟರ್ ತಗೊಳ್ಳಲಿಲ್ಲ ಅಂದ್ರೆ, ತಮ್ಮ. ಇಬ್ಬರೂ ಮಂಚದ ಮೇಲೆ ಒರಗಿಕೊಂಡು ಆಡ್ತೀವಿ, 24 ಇಂಚು ಐದಡಿಗೆ ಚಿಕ್ಕದಾಯ್ತು. ಹಂಗಾಗಿ 32. ಇಬ್ಬರು ಆಡೋರು ಇನ್ನೊಂದು ನೋಡ್ಕೊಳ್ಳಿ: ಅಂಗಡಿಯಲ್ಲಿ ಪಕ್ಕಕ್ಕೆ ಸರಿದು ನಿಂತು, ಆಮೇಲೆ ಬಗ್ಗಿ ನೋಡಿ. ಬಣ್ಣ ಬೆಳ್ಳಗಾಗ್ತಿದ್ರೆ ಪಕ್ಕದಲ್ಲಿ ಕೂರೋನು ದಿನಾ ಜಗಳ ಆಡ್ತಾನೆ.

6/7

ದುಡ್ಡಿನ ವಿಷಯ. ನನಗೆ ಹೆಚ್ಚು ಹೇಳ್ಬೇಕಿರೋದು ಇಲ್ಲೇ.

2025ರ ಸೆಪ್ಟೆಂಬರ್ 22, ಚಾಮುಂಡಿ ಬೆಟ್ಟದಲ್ಲಿ ಬಾನು ಮುಷ್ತಾಕ್ ಅವರು ದಸರಾ ಉದ್ಘಾಟನೆ ಮಾಡಿದ ದಿನ. ಅವತ್ತಿಂದಲೇ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳೀತು. 25,000ದ ಟಿವಿ ಮೇಲೆ ಹತ್ತಿರ ಹತ್ತಿರ 1,950 ರೂಪಾಯಿ ಕಡಿಮೆ. 32 ಇಂಚು ಮತ್ತು ಅದರ ಕೆಳಗಿನದಕ್ಕೆ ಮುಂಚೆಯಿಂದಲೇ 18 ಇತ್ತು, ಅದು ಇಳೀಲಿಲ್ಲ. ಈಗ ಎಲ್ಲ ಅಂಗಡಿಯವರೂ "ಜಿಎಸ್‌ಟಿ ಕಡಿಮೆ ಆಗಿದೆ, 43ಕ್ಕೇ ಹೋಗಿ" ಅಂತಿರೋದು ಇದಕ್ಕೇ. ಕಡಿಮೆ ಆಗಿದ್ದು ಎರಡು ಸಾವಿರ, ನೀವು ಜಾಸ್ತಿ ಕೊಡೋದು ಎಂಟೋ ಹತ್ತೋ ಸಾವಿರ. ಉಳಿತಾಯ ಯಾರಿಗೆ ಆಯ್ತು?

"ನೋ ಕಾಸ್ಟ್ ಇಎಂಐ" ಅಂತ ಬೋರ್ಡ್ ಇರುತ್ತಲ್ಲ. ಸೊನ್ನೆ ಬಡ್ಡಿ ಸಾಲ ಅನ್ನೋದು ಇರಕೂಡದು ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಹಂಗಾಗಿ ಬಡ್ಡಿ ಇದ್ದೇ ಇರುತ್ತೆ, ಅಷ್ಟನ್ನ ಮುಂಚೆನೇ ಡಿಸ್ಕೌಂಟ್ ಅಂತ ತೋರಿಸ್ತಾರೆ. ಕಾರ್ಡ್‌ನಲ್ಲಿ ಮಾಡಿದ್ರೆ ಆ ಬಡ್ಡಿ ಮೇಲಿನ ಜಿಎಸ್‌ಟಿ ನಿಮ್ಮ ತಲೆಗೆ, ಮೇಲೆ ಪ್ರೊಸೆಸಿಂಗ್ ಫೀ ಬೇರೆ. "ಕ್ಯಾಶ್ ಕೊಟ್ರೆ ಎಷ್ಟು ಬಿಡ್ತೀರ ಅಣ್ಣ" ಅಂತ ಒಂದು ಮಾತು ಕೇಳಿ ನೋಡಿ, ಆ ಡಿಸ್ಕೌಂಟ್ ಸಲೀಸಾಗಿ ಈಚೆಗೆ ಬರುತ್ತೆ.

ಸಂಘದ ದುಡ್ಡು ಬೇಡ ಕಣ್ರೋ. ಅದು ನಿಮ್ಮ ಅಮ್ಮಂದಿರು ಹಸು ತರೋಕೆ, ಮಿಷಿನ್ ತರೋಕೆ, ಸ್ಕೂಲ್ ಫೀಸ್ ಕಟ್ಟೋಕೆ ತೆಗೆಯೋ ದುಡ್ಡು. ಒಂದು ವಾರ ಕಂತು ತಪ್ಪಿದ್ರೆ ಉಳಿದ ಹೆಂಗಸರ ಮುಂದೆ ಅವಳು ತಲೆ ತಗ್ಗಿಸ್ಬೇಕು, ನೀವಲ್ಲ. ನನ್ನ ಅಮ್ಮ ಒಂದು ವಾರನೂ ತಪ್ಪಿಸಲಿಲ್ಲ, ಒಂದು ಮಾತೂ ಆಡಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಈ ಸಲದ 32 ಇಂಚಿಂದು ನನ್ನ ದುಡ್ಡು. ಎರಡು ಕುಯಿಲಿನ ಟೈಮಲ್ಲಿ ಕಣದಲ್ಲಿ ಭತ್ತದ ಚೀಲ ಹೊತ್ತಿದ್ದು, ಮದುವೆ ಮನೆಗಳಲ್ಲಿ ಊಟ ಬಡಿಸಿದ್ದು. ಭತ್ತಕ್ಕೆ ಹೆಸರಾದ ತಾಲ್ಲೂಕಲ್ಲಿ ಹುಟ್ಟಿದ್ದಕ್ಕೆ ಅಷ್ಟು ಲಾಭ. 13,000 ಚಿಲ್ಲರೆ ಆಯ್ತು. ಆರು ತಿಂಗಳು ಕಾದೆ. ಕಾಯ್ತಾ ಇರೋವಾಗ ಓದಿದ್ದೇ ಇದೆಲ್ಲ.

7/7

ಉಳಿದ ಚೂರುಪಾರು.

ಕರೆಂಟ್: 32 ಇಂಚಿನ ಟಿವಿ, ಪಿಎಸ್4 ಸ್ಲಿಮ್ ಎರಡೂ ಸೇರಿ ಆಡೋವಾಗ ಸುಮಾರು 125 ವ್ಯಾಟ್ ಅಂದ್ಕೊಳ್ಳಿ. ದಿನಾ ಮೂರು ಗಂಟೆಗೆ ತಿಂಗಳಿಗೆ 11 ಯೂನಿಟ್. ಗೃಹಜ್ಯೋತಿ 200 ಯೂನಿಟ್ ಫ್ರೀ ಅಂತ ಎಲ್ಲರೂ ಅಂದ್ಕೊಂಡಿದಾರೆ. ನಿಮ್ಮ ಮನೆಗೆ ಫ್ರೀ ಇರೋದು ನಿಮ್ಮ ಹಳೇ ಸರಾಸರಿ ಮೇಲೆ ಇನ್ನೊಂದು ಸ್ವಲ್ಪ. ಸರಾಸರಿ 80 ಇದ್ರೆ 88. ಟಿವಿ ಬಂದ್ಮೇಲೆ 91 ಆದ್ರೆ ಮೂರು ಯೂನಿಟ್ ದುಡ್ಡು ಕಟ್ಬೇಕು, ಅದೇನೂ ದೊಡ್ಡದಲ್ಲ. ಆದ್ರೆ 200ರ ಹತ್ತಿರ ಇರೋ ಮನೆಯವರು ಹುಷಾರು, ದಾಟಿದ್ರೆ ಪೂರ್ತಿ ಬಿಲ್ ಕಟ್ಬೇಕು. ಸೆಸ್ಕ್ ಬಿಲ್ಲಲ್ಲಿ ನಿಮ್ಮ ಲೆಕ್ಕ ಇರುತ್ತೆ, ಒಂದ್ಸಲ ತೆಗೆದು ನೋಡಿ.

ಗುಡುಗು: ಏಪ್ರಿಲ್ ಮೇ ಮಳೆಗೆ ಮೋಡ ಕವಿದ್ರೆ ಸ್ವಿಚ್ ಆಫ್ ಮಾಡೋದು ಸಾಲದು, ಪ್ಲಗ್ ಕೀಳಿ. ಡಿಶ್ ವೈರೂ ಕೀಳಿ. ಸಿಡಿಲು ಬರೋದು ಆ ದಾರೀಲೂ ಬರುತ್ತೆ.

ಗೋಡೆ: ಹಳೇ ಮಣ್ಣಿನ ಗೋಡೆಗೆ ಮೊಳೆ ಹೊಡೆದು ನೇತಾಕಬೇಡಿ, ಮೇಜಿನ ಮೇಲೇ ಇಡಿ. ಬಿದ್ದು ಪ್ಯಾನೆಲ್ ಒಡೆದ್ರೆ ವಾರಂಟಿ ಬರಲ್ಲ, ಹೊಸ ಪ್ಯಾನೆಲ್‌ಗೆ ಹೆಚ್ಚುಕಡಿಮೆ ಹೊಸ ಟಿವಿ ದುಡ್ಡು.

ಹೆಸರಿಲ್ಲದ ಟಿವಿ: ಎಕ್ಸಿಬಿಷನ್‌ನಲ್ಲಿ, ಜಾತ್ರೇಲಿ ಆರು ಸಾವಿರಕ್ಕೆ "ಆಂಡ್ರಾಯ್ಡ್ ಟಿವಿ" ಸಿಗುತ್ತೆ. ಹಿಂದೆ ಬಿಐಎಸ್ ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗೋ ನಂಬರ್ ಇಲ್ಲ ಅಂದ್ರೆ ಮುಟ್ಟಬೇಡಿ. ಇದ್ರೂ, ಮೈಸೂರಲ್ಲಿ ಸರ್ವಿಸ್ ಸೆಂಟರ್ ಇದೆಯಾ ಕೇಳಿ. ಬೆಂಗಳೂರಿಗೆ ಟಿವಿ ಹೊತ್ಕೊಂಡು ಹೋಗೋಕಾಗಲ್ಲ.

ನನ್ನ ಮಾತಿಗೆ ಒಪ್ಪದೇ ಇರೋರಿಗೂ ಜಾಗ ಇದೆ. ನಿಮ್ಮ ದಿಂಬು ಗೋಡೆಯಿಂದ ಏಳಡಿ ಇದ್ರೆ, ಮನೆಯೋರೆಲ್ಲ ಅದೇ ಟಿವಿ ನೋಡೋದಾದ್ರೆ, ಪ್ಯಾನೆಲ್ 3840×2160 ಅಂತ ಅಂಕಿಯಲ್ಲೇ ಬರೆದಿದ್ರೆ, 43 ತಗೊಳ್ಳಿ. ನಾನೇ ಬಂದು ಹೊತ್ಕೊಡ್ತೀನಿ. "ಸಪೋರ್ಟ್" ಅಂತ ಬರೆದಿದ್ರೆ ಮಾತ್ರ ಅಲ್ಲಿಂದಲೇ ಫೋನ್ ಮಾಡಿ.

ಉಳಿದವರು ಇವತ್ತು ಸಂಜೆ ಅಳೆದು ಕಾಮೆಂಟಲ್ಲಿ ಎರಡೇ ವಿಷಯ ಹಾಕಿ: ದಿಂಬಿಂದ ಗೋಡೆಗೆ ಎಷ್ಟು ಅಡಿ, ಟಿವಿಗೆ ಏನು ಚುಚ್ಚುತೀರ. ಬಜೆಟ್ ಆಮೇಲೆ ಮಾತಾಡೋಣ. ಟೇಪ್ ಇಲ್ಲದವರು ನಮ್ಮನೆಗೆ ಬಂದು ಇಸ್ಕೊಂಡು ಹೋಗಿ. ರಾತ್ರಿಯೊಳಗೆ ವಾಪಸ್ ತಂದ್ಕೊಡಿ, ಬೆಳಗ್ಗೆ ಅಮ್ಮಂಗೆ ಬೇಕು.